ಹಳೆಯ ಅಚ್ಚಿನಲ್ಲಿ ಹುಟ್ಟುವ ಸುಳ್ಳು ಕೋಟೆಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ಕೋಟೆಗಳ ಸೀಮೆ. ಮಧುಗಿರಿಯ ಏಕಶಿಲೆಯ ಬೆಟ್ಟ, ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ, ಪಾವಗಡ ತಾಲ್ಲೂಕಿನ ನಿಡುಗಲ್ಲು, 1687ರಲ್ಲಿ ಮೊಗಲರ ವಶವಾಗಿ ಅವರ ಸುಬಾದ ರಾಜಧಾನಿಯಾದ ಶಿರಾ, ಇವೆಲ್ಲವೂ ಚರಿತ್ರೆಯಲ್ಲಿ ಹೆಸರಾದುವು. 1763ರಲ್ಲಿ ಬಿದನೂರನ್ನು ಗೆದ್ದ ಹೈದರನು ಅಲ್ಲಿನ ರಾಣಿ ವೀರಮ್ಮಾಜಿಯನ್ನು ಸೆರೆಯಲ್ಲಿಟ್ಟುದು ಮಧುಗಿರಿಯ ದುರ್ಗದಲ್ಲಿ.

ಇಂತಹ ಸಂಗತಿಗಳನ್ನು ಅರಸುವ ವಿದ್ಯಾರ್ಥಿಗಳಿಗೆ 18ನೆಯ ಶತಮಾನದ ಇಂಗ್ಲಿಷ್ ಗ್ರಂಥಗಳು ಇಂದು ಗಣಕಯಂತ್ರದ ಪರದೆಯ ಮೇಲೆಯೇ ದೊರೆಯುತ್ತವೆ. ಕೋಟೆ ಎಂಬ ಅರ್ಥದ 'ಫೋರ್ಟ್' ಶಬ್ದವನ್ನು ಕೊಟ್ಟರೆ ಅದಿರುವ ಪುಟಗಳನ್ನು ಯಂತ್ರವು ಕ್ಷಣದಲ್ಲಿ ಹುಡುಕಿಕೊಡುತ್ತದೆ. ಆದರೆ ಅವುಗಳಲ್ಲಿ ಕೆಲವು ಪುಟಗಳಲ್ಲಿ ಕೋಟೆಯ ಮಾತೇ ಇರುವುದಿಲ್ಲ! ಇದೇಕೆ ಹೀಗೆ?

ಉದ್ದನೆಯ ಎಸ್

ಅಂದಿನ ಅಚ್ಚುಕೂಟಗಳಲ್ಲಿ ಎಸ್ ಅಕ್ಷರಕ್ಕೆ ಎರಡು ಬಗೆಯ ಮೊಳೆಗಳಿದ್ದುವು. ಪದದ ಕೊನೆಯಲ್ಲಿ ಇಂದಿನ ಗಿಡ್ಡ ಎಸ್ ಬರುತ್ತಿತ್ತು. ಮೊದಲಲ್ಲಿಯೂ ನಡುವೆಯೂ ಸಾಮಾನ್ಯವಾಗಿ ಉದ್ದನೆಯದೊಂದು ರೂಪ. ಈ ಉದ್ದನೆಯ ಎಸ್ ನೋಡುವುದಕ್ಕೆ ಎಫ್‌ನಂತೆಯೇ ಇರುತ್ತದೆ. ಎಫ್‌ನ ಅಡ್ಡಗೆರೆ ಕಂಬದ ಎರಡು ಕಡೆಗೂ ಚಾಚಿರುತ್ತದೆ; ಎಸ್‌ನಲ್ಲಿ ಅದು ಎಡಕ್ಕೆ ಮಾತ್ರ ಇಣುಕುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ನಮ್ಮ 'ಪ' ಮತ್ತು 'ಷ' ಅಕ್ಷರಗಳ ನಡುವೆ ಒಂದು ಒಳಗೆರೆಯಷ್ಟೇ ಭೇದವಿರುವುದನ್ನು ನೆನೆದರೆ ಈ ತೊಡಕು ತಿಳಿದೀತು.

ಅಂದಿನ ಓದುಗರು ಎಡವುತ್ತಿರಲಿಲ್ಲ, ಅವರಿಗೆ ರೂಢಿಯಿತ್ತು. ಯಂತ್ರದ ರೀತಿ ಬೇರೆ. ಅದು ಪುಟದ ಬಿಂಬವನ್ನು ಸಾಲುಗಳಾಗಿಯೂ ಅಕ್ಷರಗಳಾಗಿಯೂ ವಿಂಗಡಿಸಿ, ತಾನು ಕಲಿತ ಆಕಾರಗಳೊಡನೆ ಹೋಲಿಸುತ್ತದೆ. ಇಂದಿನ ಅಚ್ಚನ್ನಷ್ಟೇ ಕಲಿತಿದ್ದರೆ ಉದ್ದನೆಯ ಎಸ್ಸನ್ನು ಎಫ್ ಎಂದೇ ಬಗೆಯುತ್ತದೆ.

ಎರಡು ಬಗೆಯ ತಪ್ಪು

'ಬೆಸ್ಟ್' ಎಂಬುದು 'ಬೆಫ್ಟ್' ಆದರೆ ಹೆಚ್ಚು ಭಯವಿಲ್ಲ. ಅಂತಹ ಪದವೇ ಇಂಗ್ಲಿಷಿನಲ್ಲಿಲ್ಲ. ನಿಘಂಟಿನ ನೆರವಿನಿಂದ ತಪ್ಪನ್ನು ಹಿಡಿಯಬಹುದು. ಆದರೆ ಬಗೆ ಎಂಬ ಅರ್ಥದ 'ಸಾರ್ಟ್' ಪದದ ಮೊದಲಕ್ಷರ ಎಫ್ ಆದರೆ ಅದು 'ಫೋರ್ಟ್' ಆಗುತ್ತದೆ! ಬೀಜವೆಂಬ 'ಸೀಡ್' ಮೇವೆಂಬ 'ಫೀಡ್' ಆಗುತ್ತದೆ. ಇವೆರಡೂ ನಿಘಂಟಿನಲ್ಲಿರುವ ಪದಗಳು. ನಿಘಂಟು ಇಲ್ಲಿ ಮೌನ. ಅರ್ಥವಿಲ್ಲದ ತಪ್ಪಿಗಿಂತ ಅರ್ಥವುಳ್ಳ ತಪ್ಪೇ ಹೆಚ್ಚು ಅಪಾಯಕರ.

ನಮ್ಮ ಊರುಗಳ ಹೆಸರುಗಳು ಈ ಗಂಡಾಂತರದಿಂದ ಪಾರಾಗಿವೆ. ಮಧುಗಿರಿ, ಕೊರಟಗೆರೆ, ಪಾವಗಡಗಳಲ್ಲಿ ಎಸ್ ಇಲ್ಲ. ಶಿರಾದ ಎಸ್ ದೊಡ್ಡಕ್ಷರವಾದುದರಿಂದ ಅದಕ್ಕೆ ಉದ್ದನೆಯ ರೂಪವಿಲ್ಲ. ಆದರೆ ಮೈಸೂರಿನ ಎಸ್ ನಡುವೆ ಬರುತ್ತದೆ. ಮೇಜರ್ ರೆನೆಲ್ಲನು ತನ್ನ ಹಿಂದೂಸ್ಥಾನದ ಭೂಪಟಕ್ಕೆ ಬರೆದ ವಿವರಣೆಯ 1788ರ ಮುದ್ರಣದಂತಹ ಗ್ರಂಥಗಳಲ್ಲಿ ಯಂತ್ರವು ಅದನ್ನು 'ಮೈಫೋರ್' ಎಂದು ಓದುವುದುಂಟು. ಸರಿಯಾದ ಕಾಗುಣಿತದಿಂದ ಹುಡುಕಿದವರಿಗೆ ಆ ಪುಟಗಳು ಕಾಣಿಸವು. ಅಲ್ಲಿ ಮೈಸೂರಿನ ಪ್ರಸ್ತಾಪವೇ ಇಲ್ಲವೆಂದು ಅವರು ತೀರ್ಮಾನಿಸಿದರೆ ಚರಿತ್ರೆಗೇ ಅಪಚಾರ.

ಮನುಷ್ಯರೇ ಬರೆದ ಹಳೆಯ ಕಾಗುಣಿತಗಳ ಮಾತು ಬೇರೆ. ಅಂದಿನ ಇಂಗ್ಲಿಷ್ ಭೂಪಟಗಳಲ್ಲಿ ಶಿರಾ 'ಸೆರಾ' ಆಗಿದೆ. ರೈಸ್‌ರವರ 1897ರ ಮೈಸೂರು ಗೆಜೆಟಿಯರಿನಲ್ಲಿ ಮಧುಗಿರಿ 'ಮದ್ದಗಿರಿ'. ಇವು ಯಂತ್ರದ ತಪ್ಪುಗಳಲ್ಲ, ಆ ಕಾಲದ ರೂಪಗಳು. ಇವುಗಳನ್ನು ತಿದ್ದಬಾರದು, ಹುಡುಕುವಾಗ ನೆನಪಿನಲ್ಲಿಡಬೇಕು.

ಮೊಳೆ ಬದಲಾದಾಗ

1800ರ ಆಸುಪಾಸಿನಲ್ಲಿ ಇಂಗ್ಲಿಷ್ ಮುದ್ರಕರು ಉದ್ದನೆಯ ಎಸ್ಸನ್ನು ಕೈಬಿಟ್ಟರು. 1800ರಲ್ಲಿ ಶಿರಾ, ಮಧುಗಿರಿಗಳ ಮೂಲಕ ಸಂಚರಿಸಿದ ಬುಕಾನನ್ನನ ಪ್ರವಾಸಗ್ರಂಥ ಲಂಡನ್ನಿನಲ್ಲಿ ಅಚ್ಚಾದುದು 1807ರಲ್ಲಿ; ಆ ವೇಳೆಗೆ ಅದು ಬಹುಮಟ್ಟಿಗೆ ಮರೆಯಾಗಿತ್ತು. 2010ರಲ್ಲಿ ಗೂಗಲ್ ಸಂಸ್ಥೆಯು ಪದಗಳ ಬಳಕೆಯ ಏರಿಳಿತವನ್ನು ತೋರಿಸುವ ಸಾಧನವನ್ನು ಹೊರತಂದಾಗ ಇದರ ಗುರುತು ಸ್ಪಷ್ಟವಾಗಿ ಕಂಡಿತು: 1800ರ ಸುಮಾರಿಗೆ 'ಬೆಫ್ಟ್' ಇಳಿದು, 'ಬೆಸ್ಟ್' ಏರಿತ್ತು. ಬದಲಾದುದು ಭಾಷೆಯಲ್ಲ, ಮೊಳೆ.

ಆದುದರಿಂದ ನಾವು ಮೂರು ನಿಯಮಗಳನ್ನು ಪಾಲಿಸೋಣ. ಗ್ರಂಥದ ಮುದ್ರಣವರ್ಷವನ್ನು ಮೊದಲು ನೋಡುವುದು. ಎಸ್ ಇದ್ದೆಡೆ ಎಫ್ ಇಟ್ಟು ಇನ್ನೊಮ್ಮೆ ಹುಡುಕುವುದು. ದೊರೆತ ಸಾಲನ್ನು ಪುಟದ ಬಿಂಬದೊಡನೆ ಹೋಲಿಸಿ, ಅಡ್ಡಗೆರೆ ಬಲಕ್ಕೂ ಚಾಚಿದೆಯೇ ಎಂದು ಪರೀಕ್ಷಿಸುವುದು. ಯಂತ್ರವು ಸಾವಿರ ಪುಟಗಳನ್ನು ನಮ್ಮ ಮುಂದೆ ತಂದಿಡಬಲ್ಲದು. ಅವುಗಳಲ್ಲಿ ಕೋಟೆ ಯಾವುದು, ಬರಿಯ 'ಬಗೆ' ಯಾವುದು ಎಂಬುದನ್ನು ನಿರ್ಧರಿಸಬೇಕಾದವರು ನಾವೇ.