ಸೂಟ್‌ಕೇಸಿನಲ್ಲಿ ಬರುವ ಮುಲಾಮು: ಸ್ಟೀರಾಯ್ಡ್ ಟ್ಯೂಬ್ ಬಗ್ಗೆ ನಾವು ತಿಳಿದಿರಬೇಕಾದದ್ದು

ಊರಿನಿಂದ ಅಪ್ಪ ಅಮ್ಮನೋ, ಅತ್ತೆ ಮಾವನೋ ಬಂದಾಗ ಸೂಟ್‌ಕೇಸ್ ಬಿಚ್ಚುವುದೇ ಒಂದು ಹಬ್ಬ. ಚಟ್ನಿಪುಡಿ, ಸಾರಿನ ಪುಡಿ, ಹುರಿಹಿಟ್ಟು, ಮಕ್ಕಳಿಗೆ ಕೋಡುಬಳೆ. ಇವೆಲ್ಲದರ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇದ್ದೇ ಇರುತ್ತದೆ. ಅದರಲ್ಲಿ ಬಿಪಿ ಮಾತ್ರೆ, ಅಮೃತಾಂಜನ, ಜೊತೆಗೆ "ಎಲ್ಲ ತರಹದ ತುರಿಕೆಗೂ ಆಗುತ್ತೆ" ಎಂಬ ಒಂದೆರಡು ಮುಲಾಮಿನ ಟ್ಯೂಬ್. ಇಲ್ಲಿ ಚರ್ಮದ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗಲು ವಾರಗಟ್ಟಲೆ ಕಾಯಬೇಕು, ಕೋ-ಪೇ ಕೊಡಬೇಕು. ಹಾಗಾಗಿ ಆ ಟ್ಯೂಬ್ ಮನೆಯಿಂದ ಮನೆಗೆ, ರೆಡ್‌ಮಂಡಿನಿಂದ ಬಾತೆಲ್‌ಗೆ ಕೈ ಬದಲಾಯಿಸುತ್ತದೆ.

ಈ ಸಂಚಿಕೆಯ ಪಾಠ ಆ ಟ್ಯೂಬಿನ ಬಗ್ಗೆ. ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯನಲ್ಲ, ಹೊಟ್ಟೆಪಾಡಿಗೆ ಕೋಡ್ ಬರೆಯುವವನು. ಇಲ್ಲಿರುವುದು ಓದಿ ತಿಳಿದುಕೊಂಡ ವಿಷಯ. ನಿಮ್ಮ ಚಿಕಿತ್ಸೆಯನ್ನು ನಿಮ್ಮ ಡಾಕ್ಟರೇ ನಿರ್ಧರಿಸಬೇಕು.

ಚರ್ಮ ಎಂಬ ಗೋಡೆ

ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸುವುದು ವಾಡಿಕೆ. ಕೆಳಗೆ ಹುಟ್ಟಿದ ಜೀವಕೋಶಗಳು ಮೇಲೇರುತ್ತಾ ಚಪ್ಪಟೆಯಾಗಿ, ಸತ್ತು, ಒಂದರ ಮೇಲೊಂದು ಕೂರುತ್ತವೆ. ಇವು ಇಟ್ಟಿಗೆಗಳು. ಇವುಗಳ ನಡುವಿನ ಗಾರೆ ಒಂದು ಬಗೆಯ ಕೊಬ್ಬು. ಈ ಗೋಡೆ ಗಟ್ಟಿಯಾಗಿದ್ದರೆ ಒಳಗಿನ ನೀರು ಹೊರಗೆ ಹೋಗುವುದಿಲ್ಲ, ಹೊರಗಿನ ಕ್ರಿಮಿ ಒಳಗೆ ಬರುವುದಿಲ್ಲ.

ಈ ಗಾರೆಯ ಕಥೆಯಲ್ಲಿ ನಮ್ಮ ಸಿಯಾಟಲ್‌ಗೂ ಪಾಲಿದೆ. ಇಲ್ಲಿನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನ ಚರ್ಮತಜ್ಞ ಜಾರ್ಜ್ ಆಡ್‌ಲಂಡ್ 1960ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮನುಷ್ಯನ ಹೊರಚರ್ಮವನ್ನು ನೋಡಿ, ಜೀವಕೋಶಗಳೊಳಗಿನ ಅತಿ ಸಣ್ಣ ಕಣಗಳನ್ನು ವಿವರಿಸಿದರು. ಗಾರೆಯ ಕೊಬ್ಬನ್ನು ಹೊತ್ತು ತಂದು ಕೋಶಗಳ ನಡುವೆ ಸುರಿಯುವುದು ಈ ಕಣಗಳೇ ಎಂದು ಆಮೇಲೆ ತಿಳಿಯಿತು. ಚರ್ಮಶಾಸ್ತ್ರದ ಪುಸ್ತಕಗಳಲ್ಲಿ ಇವಕ್ಕೆ ಈಗಲೂ ಆಡ್‌ಲಂಡ್ ಬಾಡಿ ಎಂಬ ಹೆಸರಿದೆ.

ಚಳಿಗಾಲದಲ್ಲಿ ಹೊರಗೆ ಮಳೆ ಜಿನುಗುತ್ತಿದ್ದರೂ ನಮ್ಮ ಕೈಕಾಲು ಬಿರುಕು ಬಿಡುತ್ತದಲ್ಲ, ಅದಕ್ಕೆ ಕಾರಣ ಮನೆಯೊಳಗಿನ ಹೀಟರ್. ಒಣ ಗಾಳಿ, ಅದರ ಜೊತೆ ದಿನಾ ಬಿಸಿಬಿಸಿ ನೀರಿನ ಸ್ನಾನ, ಸೋಪು ಸೇರಿದರೆ ಗಾರೆ ಸವೆಯುತ್ತದೆ. ನವೆ ಶುರುವಾಗುತ್ತದೆ. ಇಸುಬು ಇರುವ ಮಕ್ಕಳಿಗಂತೂ ಇದು ಕಷ್ಟದ ಕಾಲ. ಇಂಥ ಒಣ ತುರಿಕೆಗೆ ಬಹಳ ಸಲ ಬೇಕಾಗಿರುವುದು ಬರೀ ಜಿಡ್ಡು: ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿಯಿರುವಾಗ, ಸುವಾಸನೆ ಇಲ್ಲದ ದಪ್ಪ ಕ್ರೀಮೋ ವ್ಯಾಸಲೀನೋ ಹಚ್ಚಿದರೆ ಸಾಕಾಗುತ್ತದೆ. ಆದರೆ ನಮ್ಮ ಕೈ ಮೊದಲು ಹೋಗುವುದು ಊರಿನ ಟ್ಯೂಬಿಗೆ.

ಟ್ಯೂಬಿನೊಳಗೆ ಏನಿದೆ?

ಅಂಥ ಟ್ಯೂಬನ್ನು ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿ. ಬಹಳಷ್ಟರಲ್ಲಿ ಮೂರು ನಾಲ್ಕು ಔಷಧಿಗಳ ಮಿಶ್ರಣ ಇರುತ್ತದೆ: ಶಿಲೀಂಧ್ರಕ್ಕೆ, ಅಂದರೆ ಫಂಗಸ್‌ಗೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದು, ಇವುಗಳ ಜೊತೆ ಒಂದು ಸ್ಟೀರಾಯ್ಡ್. ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂಬ ಹೆಸರು ಕಂಡರೆ ಅದು ಸ್ಟೀರಾಯ್ಡ್.

ಸ್ಟೀರಾಯ್ಡ್ ಎಂದ ಕೂಡಲೇ ಹೆದರಬೇಕಾಗಿಲ್ಲ. 1952ರಲ್ಲಿ ನ್ಯೂಯಾರ್ಕಿನ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಹೈಡ್ರೋಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿ ಇಸುಬಿನಂಥ ರೋಗಗಳಲ್ಲಿ ಗುಣ ಕಂಡರು. ಅಲ್ಲಿಂದ ಚರ್ಮರೋಗದ ಚಿಕಿತ್ಸೆಯೇ ಬದಲಾಯಿತು. ಅಮೆರಿಕದಲ್ಲಿ ಇವನ್ನು ಬಲಕ್ಕೆ ತಕ್ಕಂತೆ ಏಳು ದರ್ಜೆಗಳಾಗಿ ವಿಂಗಡಿಸುತ್ತಾರೆ. ಒಂದನೆಯ ದರ್ಜೆ ಅತಿ ಬಲವಾದದ್ದು, ಕ್ಲೋಬೆಟಸಾಲ್ ಅಲ್ಲಿದೆ. ಏಳನೆಯದು ಅತಿ ಸೌಮ್ಯ, ಹೈಡ್ರೋಕಾರ್ಟಿಸೋನ್ ಅಲ್ಲಿದೆ. ಇಲ್ಲಿನ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುವುದು ಈ ಸೌಮ್ಯವಾದ ಹೈಡ್ರೋಕಾರ್ಟಿಸೋನ್, ಅದೂ ಶೇಕಡಾ 1ರವರೆಗೆ ಮಾತ್ರ. ಊರಿನ ಮೆಡಿಕಲ್ ಶಾಪಿನಲ್ಲಿ "ತುರಿಕೆಗೆ ಏನಾದ್ರೂ ಕೊಡಪ್ಪ" ಎಂದರೆ ಒಂದನೆಯ ದರ್ಜೆಯದೇ ಕೈಗೆ ಬರಬಹುದು. 2018ರಲ್ಲಿ ಭಾರತ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಬೇಕಾದ ಷೆಡ್ಯೂಲ್ ಎಚ್ ಪಟ್ಟಿಗೆ ತಂದಿತು. ಆದರೆ ಕಾನೂನು ಒಂದು, ಗಲ್ಲೆಯ ಮುಂದಿನ ವ್ಯವಹಾರ ಇನ್ನೊಂದು.

ಎಲ್ಲಿ ಹಚ್ಚುತ್ತೇವೆ ಎಂಬುದೂ ಮುಖ್ಯ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಸಂಶೋಧಕರು ಹೈಡ್ರೋಕಾರ್ಟಿಸೋನ್ ದೇಹದ ಯಾವ ಭಾಗದಲ್ಲಿ ಎಷ್ಟು ಒಳಗಿಳಿಯುತ್ತದೆ ಎಂದು ಅಳೆದರು. ಮುಂಗೈಯಲ್ಲಿ 1 ಪಾಲು ಇಳಿದರೆ ಅಂಗಾಲಿನಲ್ಲಿ ಇಳಿಯುವುದು 0.14 ಮಾತ್ರ. ಹಣೆಯಲ್ಲಿ 6, ದವಡೆಯ ಮೇಲೆ 13, ಗಂಡಸರ ವೃಷಣದ ಚರ್ಮದಲ್ಲಿ 42 ಪಾಲು! ಅಂಗಾಲಿಗೆ ಒಗ್ಗಿದ ಮುಲಾಮು ಮುಖಕ್ಕೋ ತೊಡೆಸಂದಿಗೋ ಏಕೆ ಸಲ್ಲದು ಎಂಬುದು ಈ ಲೆಕ್ಕದಲ್ಲೇ ಇದೆ.

ಬಲವಾದ ಸ್ಟೀರಾಯ್ಡನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ರಕ್ತನಾಳಗಳು ದಾರದಂತೆ ಕಾಣತೊಡಗುತ್ತವೆ. ತೊಡೆ, ಕಂಕುಳಲ್ಲಿ ಅಳಿಸಲಾಗದ ಗೆರೆಗಳು ಮೂಡುತ್ತವೆ. ಮುಖದಲ್ಲಿ ಮೊಡವೆ, ಕೂದಲು ಬರುತ್ತವೆ. ಬಿಟ್ಟರೆ ಉರಿ, ಕೆಂಪು. ಆ ಉರಿ ತಾಳದೆ ಮತ್ತೆ ಅದನ್ನೇ ಹಚ್ಚುತ್ತಾರೆ. ಹೀಗೆ ಚಟವಾಗುತ್ತದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ

ನಮ್ಮ ಜನ ಈ ಬಲೆಗೆ ಬೀಳುವುದಕ್ಕೆ ಇನ್ನೊಂದು ಕಾರಣ, ಬೆಳ್ಳಗಾಗುವ ಆಸೆ. ಸ್ಟೀರಾಯ್ಡ್ ಹಚ್ಚಿದರೆ ಮೊದಮೊದಲು ಬಣ್ಣ ತಿಳಿಯಾಗುತ್ತದೆ, ಮೊಡವೆಯ ಊತ ತಗ್ಗುತ್ತದೆ. 1975ರಲ್ಲಿ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಎಂಬ ವೈದ್ಯರು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟೀರಾಯ್ಡ್ ಬೆರೆಸಿ ಒಂದು ಸೂತ್ರ ಮಾಡಿದ್ದರು. ಮುಖದ ಮೇಲಿನ ಬಂಗಿಗೆ ವೈದ್ಯರ ಕಣ್ಗಾವಲಿನಲ್ಲಿ ಕೆಲವು ವಾರ ಬಳಸುವ ಚಿಕಿತ್ಸೆ ಅದು. ಅದೇ ಬಗೆಯ ಮಿಶ್ರಣವನ್ನು ನಮ್ಮಲ್ಲಿ ದಿನಾ ಹಚ್ಚುವ ಫೇರ್‌ನೆಸ್ ಕ್ರೀಮಿನಂತೆ ವರ್ಷಗಟ್ಟಲೆ ಬಳಸುವವರಿದ್ದಾರೆ.

ಭಾರತದ ಹನ್ನೆರಡು ಕೇಂದ್ರಗಳ ಚರ್ಮತಜ್ಞರು ಸೇರಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಕಣ್ತೆರೆಸುವಂಥದ್ದು. ಮುಖದ ಚರ್ಮದ ತೊಂದರೆಯೆಂದು ಬಂದ 2,926 ಜನರಲ್ಲಿ 433 ಮಂದಿ, ಅಂದರೆ ಶೇಕಡಾ 15ರಷ್ಟು ಜನ, ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಇವರಲ್ಲಿ ಶೇಕಡಾ 29 ಮಂದಿ ಅದನ್ನು ಫೇರ್‌ನೆಸ್ ಅಥವಾ ಸಾಮಾನ್ಯ ಮುಖದ ಕ್ರೀಮಾಗಿಯೇ ಬಳಸುತ್ತಿದ್ದರು. ಶೇಕಡಾ 59 ಮಂದಿಗೆ ಸಲಹೆ ಕೊಟ್ಟವರು ವೈದ್ಯರೇ ಅಲ್ಲ. ಮದುವೆಗೆ ಊರಿಗೆ ಹೊರಟ ಹುಡುಗಿಗೆ "ಇದು ಹಚ್ಕೋ, ಹದಿನೈದು ದಿನಕ್ಕೆ ಮುಖ ಹೊಳೆಯುತ್ತೆ" ಎಂದು ಟ್ಯೂಬ್ ಕೊಡುವ ಪ್ರೀತಿಯ ಚಿಕ್ಕಮ್ಮಂದಿರಿಗೆ ದಯವಿಟ್ಟು ಈ ಲೆಕ್ಕ ಹೇಳಿ.

ಗಜಕರ್ಣದ ಹೊಸ ಅವತಾರ

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರೋಣ. ಗಜಕರ್ಣ ಅಥವಾ ಹುಳುಕಡ್ಡಿ ಎನ್ನುವ ರೋಗಕ್ಕೆ ಹುಳು ಕಾರಣವಲ್ಲ, ಶಿಲೀಂಧ್ರ ಕಾರಣ. ಅದು ನಮ್ಮ ಗೋಡೆಯ ಸತ್ತ ಪದರವನ್ನೇ ತಿಂದು ಬದುಕುತ್ತದೆ. ದೇಹ ಅದರ ವಿರುದ್ಧ ಹೋರಾಡುವುದರಿಂದ ಉಂಗುರದಂಥ ಕೆಂಪು ಅಂಚು, ಹೊಟ್ಟು, ನವೆ ಬರುತ್ತವೆ. ಸ್ಟೀರಾಯ್ಡ್ ಈ ಹೋರಾಟವನ್ನೇ ಅಡಗಿಸುತ್ತದೆ. ನವೆ ನಿಲ್ಲುತ್ತದೆ, ಉಂಗುರ ಮಾಸುತ್ತದೆ, ನಮಗೆ ಗುಣವಾಯಿತೆಂಬ ಸಮಾಧಾನ. ಒಳಗೆ ಶಿಲೀಂಧ್ರ ನಿಶ್ಚಿಂತೆಯಿಂದ ಹರಡುತ್ತಿರುತ್ತದೆ. ನಮ್ಮ ವೃತ್ತಿಯವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಇದು ಬಗ್ ಸರಿಮಾಡದೆ ಎರರ್ ಮೆಸೇಜನ್ನು ಮಾತ್ರ ಅಳಿಸಿದ ಹಾಗೆ. ಹೀಗೆ ವೇಷ ಮರೆಸಿಕೊಂಡ ಗಜಕರ್ಣಕ್ಕೆ ವೈದ್ಯರು 1968ರಲ್ಲೇ ಟೀನಿಯಾ ಇನ್‌ಕಾಗ್ನಿಟೋ ಎಂದು ಹೆಸರಿಟ್ಟರು.

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಭಾರತದಲ್ಲಿ ಗಜಕರ್ಣ ಹಠಮಾರಿಯಾಗಿದೆ. ಮನೆಮಂದಿಗೆಲ್ಲ ಹರಡುತ್ತದೆ, ಹೋಗಿ ಹೋಗಿ ಮರಳುತ್ತದೆ. ಇದರ ಹಿಂದಿರುವ ಶಿಲೀಂಧ್ರಕ್ಕೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೋಫೈಟಾನ್ ಇಂಡೊಟಿನಿಯೆ ಎಂಬ ಹೆಸರು ಕೊಟ್ಟರು. ಗಜಕರ್ಣಕ್ಕೆ ಸಾಮಾನ್ಯವಾಗಿ ಕೊಡುವ ಟರ್ಬಿನಾಫಿನ್ ಔಷಧಿ ಶಿಲೀಂಧ್ರದ ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ಈ ಹೊಸ ಶಿಲೀಂಧ್ರದ ಹಲವು ತಳಿಗಳಲ್ಲಿ ಆ ಕಿಣ್ವದ ಜೀನೇ ಬದಲಾಗಿದೆ. ಬೀಗ ಬದಲಾದ ಮೇಲೆ ಹಳೆಯ ಕೀಲಿ ಏನು ಮಾಡೀತು? ಸ್ಟೀರಾಯ್ಡ್ ಬೆರೆತ ಮುಲಾಮುಗಳ ಎಗ್ಗಿಲ್ಲದ ಬಳಕೆ ಈ ಪಿಡುಗಿಗೆ ಒಂದು ದೊಡ್ಡ ಕಾರಣ ಎಂದು ಭಾರತದ ಚರ್ಮತಜ್ಞರು ಎಚ್ಚರಿಸುತ್ತಲೇ ಬಂದಿದ್ದಾರೆ.

ಇದು ಊರಿನ ಸಮಸ್ಯೆ, ನಮಗೇನು ಎನ್ನುವಂತಿಲ್ಲ. 2023ರ ಮೇ ತಿಂಗಳಲ್ಲಿ ಅಮೆರಿಕದ ಸಿಡಿಸಿ ಈ ದೇಶದ ಮೊದಲ ಎರಡು ಪ್ರಕರಣಗಳನ್ನು ವರದಿ ಮಾಡಿತು. ಇಬ್ಬರೂ ನ್ಯೂಯಾರ್ಕಿನ ಮಹಿಳೆಯರು. ಒಬ್ಬರಿಗೆ ರೋಗ ಬಾಂಗ್ಲಾದೇಶದಲ್ಲಿದ್ದಾಗ ಶುರುವಾಗಿತ್ತು. ಇನ್ನೊಬ್ಬರು ಇತ್ತೀಚೆಗೆ ದೇಶ ಬಿಟ್ಟು ಹೋಗಿರಲೇ ಇಲ್ಲ. ಅಂದರೆ ಆ ಶಿಲೀಂಧ್ರ ಆಗಲೇ ಇಲ್ಲಿ ಒಬ್ಬರಿಂದೊಬ್ಬರಿಗೆ ದಾಟಿರಬೇಕು. ಇಂಥ ಪ್ರಕರಣಗಳಿಗೆ ಇಟ್ರಾಕೊನಜೋಲ್ ಎಂಬ ಮಾತ್ರೆ ಹಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕಾಗುತ್ತದೆ. ಅದು ಹೃದಯದ ಮತ್ತು ಕೊಲೆಸ್ಟ್ರಾಲಿನ ಕೆಲವು ಔಷಧಿಗಳೊಂದಿಗೆ ಹೊಂದುವುದಿಲ್ಲ. ಹಾಗಾಗಿ ಮನೆಯ ಹಿರಿಯರ ಎಲ್ಲ ಮಾತ್ರೆಗಳ ಪಟ್ಟಿಯನ್ನು ಡಾಕ್ಟರಿಗೆ ತೋರಿಸಲೇಬೇಕು.

ನಮ್ಮ ಬಣ್ಣ, ಅವರ ಪುಸ್ತಕ

ವೈದ್ಯಕೀಯ ಪುಸ್ತಕಗಳ ಚಿತ್ರಗಳಲ್ಲಿ ಬಹುಪಾಲು ಬಿಳಿಯ ಚರ್ಮವೇ ಇರುತ್ತದೆ. ಅಲ್ಲಿ "ಕೆಂಪು" ಎಂದಿರುವುದು ನಮ್ಮ ಮೈಮೇಲೆ ಕಂದಾಗಿಯೋ, ನೇರಳೆಯಾಗಿಯೋ, ಬೂದಿಯಾಗಿಯೋ ಕಾಣಬಹುದು. ಈ ಕೊರತೆ ತುಂಬಲು 2020ರಲ್ಲಿ ಲಂಡನ್ನಿನ ವೈದ್ಯ ವಿದ್ಯಾರ್ಥಿ ಮಲೋನ್ ಮುಕ್ವೆಂಡೆ ತನ್ನ ಅಧ್ಯಾಪಕರ ಜೊತೆ ಸೇರಿ ಮೈಂಡ್ ದ ಗ್ಯಾಪ್ ಎಂಬ ಕೈಪಿಡಿ ತಂದರು. ನೀವೂ ಡಾಕ್ಟರ ಬಳಿ "ನನ್ನ ಚರ್ಮದಲ್ಲಿ ಇದು ಕೆಂಪಾಗಿ ಕಾಣುವುದಿಲ್ಲ, ಮುಟ್ಟಿ ನೋಡಿ" ಎಂದು ಹೇಳಲು ಹಿಂಜರಿಯಬೇಡಿ.

ಹಾಗಾದರೆ ಏನು ಮಾಡಬೇಕು?

1. ಮನೆಯಲ್ಲಿರುವ ಟ್ಯೂಬುಗಳನ್ನೆಲ್ಲ ಈ ವಾರಾಂತ್ಯ ಹೊರತೆಗೆದು ಓದಿ. ಸ್ಟೀರಾಯ್ಡ್ ಬೆರೆತ ಮಿಶ್ರಣವಿದ್ದರೆ ವೈದ್ಯರನ್ನು ಕೇಳದೆ ಯಾರೂ ಹಚ್ಚಬೇಡಿ, ಯಾರಿಗೂ ಕೊಡಬೇಡಿ.

2. ಈಗಾಗಲೇ ಬಹುಕಾಲದಿಂದ ಹಚ್ಚುತ್ತಿದ್ದರೆ ಹೆದರಿ ಒಮ್ಮೆಲೇ ಬಿಡುವ ಮೊದಲು ವೈದ್ಯರೊಂದಿಗೆ ಮಾತಾಡಿ. ಹೋಗುವಾಗ ಟ್ಯೂಬನ್ನೇ ತೆಗೆದುಕೊಂಡು ಹೋಗಿ. "ಏನೋ ಒಂದು ಕ್ರೀಮ್" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ.

3. ಗಜಕರ್ಣದ ಅನುಮಾನವಿದ್ದರೆ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಓಎಚ್ ಪರೀಕ್ಷೆ ಮಾಡಬಹುದೇ ಎಂದು ಕೇಳಿ. ಸುಲಭದ, ಬೇಗ ಮುಗಿಯುವ ಪರೀಕ್ಷೆ ಅದು. ಭಾರತಕ್ಕೆ ಹೋಗಿಬಂದಿದ್ದರೆ, ಅಥವಾ ಅಲ್ಲಿಂದ ಯಾರಾದರೂ ಬಂದಿದ್ದರೆ ಅದನ್ನೂ ಹೇಳಿ.

4. ಮನೆಯಲ್ಲಿ ಒಬ್ಬರಿಗಿದ್ದರೆ ಎಲ್ಲರೂ ತೋರಿಸಿಕೊಳ್ಳಿ. ಟವೆಲು, ಬಟ್ಟೆ ಹಂಚಿಕೊಳ್ಳಬೇಡಿ. ಇಲ್ಲಿನ ಮಳೆಗಾಲದಲ್ಲಿ ಬಟ್ಟೆಯನ್ನು ಡ್ರೈಯರಿನಲ್ಲಿ ಪೂರ್ತಿ ಒಣಗಿಸಿ.

5. ಚರ್ಮತಜ್ಞರು ಬೇಗ ಸಿಗದಿದ್ದರೆ ಮೊದಲು ನಿಮ್ಮ ಪ್ರೈಮರಿ ಕೇರ್ ಡಾಕ್ಟರಿಗೆ ತೋರಿಸಿ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಒಂದು ದೂರದಿಂದ ಒಂದು ಹತ್ತಿರದಿಂದ ಫೋಟೋ ತೆಗೆದಿಡಿ. ಅಪಾಯಿಂಟ್‌ಮೆಂಟಿನ ದಿನ ಕಲೆ ಮಾಯವಾಗಿದ್ದರೂ ಫೋಟೋ ಇರುತ್ತದೆ.

6. ವೈದ್ಯರೇ ಸ್ಟೀರಾಯ್ಡ್ ಬರೆದುಕೊಟ್ಟರೆ ಧೈರ್ಯವಾಗಿ, ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿ. ಅಳತೆಗೆ ಒಂದು ಉಪಾಯವಿದೆ: ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಬೆರಳು ಸೇರಿ ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು. ಇಸುಬಿನಿಂದ ರಾತ್ರಿಯಿಡೀ ಕೆರೆದುಕೊಳ್ಳುವ ಮಗುವಿಗೆ "ಸ್ಟೀರಾಯ್ಡ್ ಬೇಡ" ಎಂದು ಔಷಧಿ ತಪ್ಪಿಸುವುದೂ ತಪ್ಪೇ.

ಕೊನೆಯದಾಗಿ ನಮ್ಮ ಹಿರಿಯರ ಬಗ್ಗೆ ಒಂದು ಮಾತು. ತೊಡೆಸಂದಿಯಲ್ಲೋ ಎದೆಯ ಕೆಳಗೋ ತುರಿಕೆ ಇದೆಯೆಂದು ಮಗನ ಮುಂದೆ, ಅಳಿಯನ ಮುಂದೆ, ಸೊಸೆಯ ಮುಂದೆ ಹೇಳಲು ಅವರಿಗೆ ಸಂಕೋಚ. ಅದಕ್ಕೇ ಎಷ್ಟೋ ಜನ ಸದ್ದಿಲ್ಲದೆ ಆ ಟ್ಯೂಬನ್ನು ಹಚ್ಚುತ್ತಿರುತ್ತಾರೆ. ಇಲ್ಲಿನ ಆಸ್ಪತ್ರೆಗಳಲ್ಲಿ ದುಭಾಷಿಗಳನ್ನು ಕೇಳಬಹುದು, ಅದಕ್ಕೆ ಹಣ ಕೊಡಬೇಕಾಗಿಲ್ಲ. ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕನ್ನಡ ದುಭಾಷಿ ಬೇಕೆಂದು ಹೇಳಿ, ಫೋನಿನಲ್ಲಾದರೂ ಒಬ್ಬರನ್ನು ಹುಡುಕುತ್ತಾರೆ. ಆಮೇಲೆ ನೀವು ಕೋಣೆಯ ಹೊರಗೆ ಕುಳಿತುಕೊಳ್ಳಿ. ಅಮ್ಮನೋ ಅಪ್ಪನೋ ತಮ್ಮ ಮಾತಿನಲ್ಲೇ, ನಾಚಿಕೆಯಿಲ್ಲದೆ, ತಮ್ಮ ಕಷ್ಟ ಹೇಳಿಕೊಳ್ಳಲಿ.