ಹತ್ತು ಪೈಸೆ ಬರೆಯಲಾರದ ಯಂತ್ರ

ಪುಟ್ಟಿ,

ಗೌರಿ ಹಬ್ಬಕ್ಕೆ ಬಂದಾಗ ನೀನು ಊಟದ ಮನೆಯಲ್ಲೇ ಲ್ಯಾಪ್‌ಟಾಪ್ ಬಿಚ್ಚಿ, ಪೈಥಾನ್‌ನಲ್ಲಿ 0.1 + 0.2 ಹೊಡೆದು, ಬಂದ ಉತ್ತರ ತೋರಿಸಿದೆಯಲ್ಲ: 0.30000000000000004. “ನೋಡು ಮಾವ, ಇದಕ್ಕಿಂತ ನೀನೇ ವಾಸಿ” ಅಂತ ನಕ್ಕೆ. ನಾನೂ ನಕ್ಕೆ. ಆದರೆ ಆ ಕೊನೆಯ ನಾಲ್ಕು ರಾತ್ರಿ ನಿದ್ದೆ ಕೊಡಲಿಲ್ಲ. ಇಡೀ ಉದ್ಯೋಗದ ಕಾಲ ಬ್ಯಾಂಕಿನಲ್ಲಿ ಲೆಡ್ಜರ್ ಕೂಡಿದವನಿಗೆ ಹದಿನೇಳನೇ ಸ್ಥಾನದಲ್ಲಿ ಕೂತ ನಾಲ್ಕೂ ಡಿಫರೆನ್ಸೇ.

ಆಮೇಲೆ ಇದರ ಬಗ್ಗೆ ಓದುತ್ತ ಹೋದಂತೆ ನೆನಪಾದವಳು ನಿನ್ನ ಅಜ್ಜಿ. ಅವಳು ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿದ ಕಾಲದವಳು. ಅವಳ ಅಡುಗೆಮನೆಯಲ್ಲಿ ಎಲ್ಲವೂ ಅರ್ಧ, ಅರ್ಧದ ಅರ್ಧ. ಸೇರಿನ ಕಾಲು ಭಾಗ ಪಾವು, ಅದರಲ್ಲಿ ಅರ್ಧ ಅರೆಪಾವು, ಅದರಲ್ಲೂ ಅರ್ಧ ಚಟಾಕು. ರೂಪಾಯಿಗೆ ಹದಿನಾರು ಆಣೆ. ಪುಟ್ಟಿ, ನಿನ್ನ ಕಂಪ್ಯೂಟರಿನದೂ ಇದೇ ಲೆಕ್ಕ! ಒಂದಕ್ಕಿಂತ ಸಣ್ಣದನ್ನು ಅಳೆಯಲು ಅದರ ಹತ್ತಿರ ಇರುವುದು ಅರೆ, ಕಾಲು, ಅರೆಕಾಲು, ವೀಸ, ಹೀಗೆ ಅರ್ಧವಾಗುತ್ತ ಹೋಗುವ ಅಳತೆಗಳು ಮಾತ್ರ. ಒಂದಾಣೆ ಅಂದರೆ 0.0625. ಅದನ್ನು ಹದಿನಾರು ಸಲ ಕೂಡು, ಕರಾರುವಾಕ್ಕಾಗಿ 1.0 ಬರುತ್ತದೆ.

1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು, ರೂಪಾಯಿಗೆ ನೂರು. ಅಲ್ಲಿಂದ ಈ ಯಂತ್ರಕ್ಕೆ ಕಷ್ಟ. ಹತ್ತು ಪೈಸೆಯನ್ನು, ಅಂದರೆ 0.1 ಅನ್ನು, ಹತ್ತು ಸಲ ಕೂಡಿ ನೋಡು: 0.9999999999999999. ಹತ್ತರೊಳಗೆ ಒಂದು ಐದು ಕೂತಿದೆ. ಎಷ್ಟು ಸಲ ಅರ್ಧ ಮಾಡಿದರೂ ಐದರಲ್ಲೊಂದು ಪಾಲು ಕೈಗೆ ಸಿಗುವುದಿಲ್ಲ. ನಾವು ಮೂರರಲ್ಲೊಂದನ್ನು 0.333 ಅಂತ ಬರೆದು ಎಲ್ಲೋ ಒಂದು ಕಡೆ ಕೈ ಬಿಡುವ ಹಾಗೆ ಅದೂ 53 ಬಿಟ್‌ಗಳಿಗೆ ಕೈ ಬಿಡುತ್ತದೆ. ನೀನು 0.1 ಅಂತ ಕೊಟ್ಟಾಗ ಅದು ಒಳಗಿಟ್ಟುಕೊಳ್ಳುವುದು ಸುಮಾರು 0.1000000000000000055. (ಅಜ್ಜಿಯ ಕಾಲದ ಪೈ ಕಾಸಿನದೂ ಇದೇ ಪಾಡು. ಆಣೆಗೆ ಹನ್ನೆರಡು ಪೈ, ಹನ್ನೆರಡರಲ್ಲಿ ಮೂರು ಅಡಗಿದೆ.)

ಇದು ಪೈಥಾನ್ ಒಂದರ ತಪ್ಪೂ ಅಲ್ಲ. ಮೊದಲು ಒಂದೊಂದು ಕಂಪನಿಯ ಯಂತ್ರದ್ದು ಒಂದೊಂದು ರೀತಿ ಇತ್ತಂತೆ. ಬರ್ಕ್ಲಿ ವಿಶ್ವವಿದ್ಯಾಲಯದ ವಿಲಿಯಂ ಕಹಾನ್ ಮುಂದೆ ನಿಂತು ದುಡಿದು, 1985ರಲ್ಲಿ ಐಇಇಇ 754 ಎಂಬ ಕ್ರಮ ಜಾರಿಗೆ ಬಂತು. ಈಗ ಜಾವಾ, ಜಾವಾಸ್ಕ್ರಿಪ್ಟ್, ಎಲ್ಲದರ ಹೊಟ್ಟೆಯಲ್ಲೂ ಅದೇ ನಾಲ್ಕು.

ಇನ್ನು ನೀನು ವಾಟ್ಸಾಪಿನಲ್ಲಿ ಕಳಿಸಿದ ದಿನಸಿ ಅಂಗಡಿಯ ಬಿಲ್ಲಿಂಗ್ ಪ್ರೋಗ್ರಾಂ. ಬಾಕಿ ನನಗೆ ಅರ್ಥವಾಗಲಿಲ್ಲ, ತೆರಿಗೆಯ ಸಾಲು ಮಾತ್ರ ಹಿಡಿದುಕೊಂಡು ಕೂತೆ. 107 ರೂಪಾಯಿ ಸಾಮಾನಿಗೆ ಎರಡೂವರೆ ಪರ್ಸೆಂಟ್. ಕೈಲೆಕ್ಕದಲ್ಲಿ ಎರಡು ರೂಪಾಯಿ ಅರವತ್ತೇಳೂವರೆ ಪೈಸೆ, ರೌಂಡ್ ಮಾಡಿದರೆ 2.68. ನೀನು ಬರೆದ ಹಾಗೆ 107ನ್ನು 0.025ರಿಂದ ಗುಣಿಸಿ ಎರಡು ಸ್ಥಾನಕ್ಕೆ ರೌಂಡ್ ಮಾಡಿದೆ, 2.68 ಬಂತು. ಸರಿ ಅಂದುಕೊಂಡೆ. ಹಳೇ ಅಭ್ಯಾಸ, ಇನ್ನೊಂದು ದಾರಿಯಲ್ಲಿ ತಾಳೆ ನೋಡಿದೆ: 107ನ್ನು 2.5ರಿಂದ ಗುಣಿಸಿ 100ರಿಂದ ಭಾಗಿಸಿದರೆ 2.67! ಅದೇ ಸಾಮಾನು, ಅದೇ ತೆರಿಗೆ, ಎರಡು ಉತ್ತರ. ಒಂದು ದಾರಿಯಲ್ಲಿ ಒಳಗಿನ ಸಂಖ್ಯೆ 2.675ಕ್ಕಿಂತ ಕೂದಲೆಳೆ ಮೇಲೆ, ಇನ್ನೊಂದರಲ್ಲಿ ಕೂದಲೆಳೆ ಕೆಳಗೆ. ಪರದೆಯ ಮೇಲೆ ಮಾತ್ರ ಆ ಎರಡನೆಯದು ಸಾಚಾ 2.675 ಅಂತಲೇ ಮುಖ ತೋರಿಸುತ್ತದೆ.

ಒಂದು ಪೈಸೆ ತಾನೆ ಅನ್ನುತ್ತೀ. ನಾನೂ ಅಂದಿದ್ದೆ. ನಾನು ಕೆಲಸಕ್ಕೆ ಸೇರಿದ ಹೊಸತು, ಡಿಸೆಂಬರ್ ಕೊನೆಯ ಬ್ಯಾಲೆನ್ಸಿಂಗ್, ಸೇವಿಂಗ್ಸ್ ಲೆಡ್ಜರಿನಲ್ಲಿ ಒಂದೇ ಪೈಸೆ ಕಡಮೆ. ಜೇಬಿನಿಂದ ಹಾಕಿ ಮನೆಗೆ ಹೋಗೋಣ ಅಂದೆ. ನಮ್ಮ ಅಕೌಂಟೆಂಟರು ತಲೆಯೆತ್ತದೆ “ಕೂತ್ಕೊಳಯ್ಯ” ಅಂದರು. ರಾತ್ರಿ ಹತ್ತೂವರೆಗೆ ಸಿಕ್ಕಿತು: ಒಂದು ಖಾತೆಯಲ್ಲಿ 540ರ ಬದಲು 450 ಬರೆದಿತ್ತು, ತೊಂಬತ್ತು ರೂಪಾಯಿ ಕಡಮೆ. ಇನ್ನೊಂದರಲ್ಲಿ 89.99ರ ಚೆಕ್ಕು ಪೋಸ್ಟೇ ಆಗಿರಲಿಲ್ಲ. ಎರಡು ದೊಡ್ಡ ತಪ್ಪುಗಳು ಒಂದನ್ನೊಂದು ತಿಂದು ಒಂದು ಪೈಸೆ ಉಗುಳಿದ್ದವು.

ಯಂತ್ರ ಇದಕ್ಕೆ ತಿರುಗುಮುರುಗು, ಪೈಸೆಯನ್ನು ಬೆಳೆಸುತ್ತದೆ. ಕೆನಡಾದ ವ್ಯಾಂಕೂವರ್ ಷೇರುಪೇಟೆ 1982ರ ಜನವರಿಯಲ್ಲಿ ಹೊಸ ಸೂಚ್ಯಂಕವೊಂದನ್ನು 1000ದಿಂದ ಶುರು ಮಾಡಿತು. ದಿನಕ್ಕೆ ಸಾವಿರಾರು ಸಲ ಹೊಸ ಲೆಕ್ಕ, ಪ್ರತಿ ಸಲವೂ ಮೂರು ದಶಮಾಂಶದ ಆಚೆಯದನ್ನು ರೌಂಡ್ ಮಾಡದೆ ಕತ್ತರಿಸಿ ಬಿಸಾಡುತ್ತಿದ್ದರು. 1983ರ ನವೆಂಬರಿನಲ್ಲಿ ಬೋರ್ಡಿನ ಮೇಲಿದ್ದದ್ದು 524.811. ಸರಿಯಾಗಿ ಕೂಡಿದಾಗ ಬಂದದ್ದು 1098.892. ಮೇಲೇರಿದ್ದ ಪೇಟೆ ಅರ್ಧಕ್ಕೆ ಕುಸಿದಂತೆ ಕಂಡಿತ್ತು.

ಇನ್ನೊಂದನ್ನು ಬರೆಯಲು ಮನಸ್ಸಿಲ್ಲ, ಆದರೂ ನಿನಗೆ ಗೊತ್ತಿರಲಿ. ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸೆಕೆಂಡಿನ ಹತ್ತರಲ್ಲೊಂದನ್ನು ಎಣಿಸುತ್ತಿತ್ತು, ಅದೇ 0.1, ಅದೂ 24 ಬಿಟ್‌ಗಳಿಗೆ ಕತ್ತರಿಸಿದ್ದು. ನೂರು ಗಂಟೆ ನಿಲ್ಲಿಸದೆ ಓಡಿಸಿದ ಮೇಲೆ ಗಡಿಯಾರ 0.34 ಸೆಕೆಂಡು ತಪ್ಪಿತ್ತು. 1991ರ ಫೆಬ್ರವರಿ 25ರಂದು ಸೌದಿಯ ದಹ್ರಾನ್‌ನಲ್ಲಿ ಬಂದ ಸ್ಕಡ್ ಕ್ಷಿಪಣಿಯನ್ನು ಅದು ತಡೆಯಲಿಲ್ಲ; 28 ಸೈನಿಕರು ಸತ್ತರು. ತಿದ್ದಿದ ಪ್ರೋಗ್ರಾಂ ಅಲ್ಲಿಗೆ ತಲುಪಿದ್ದು ಮರುದಿನ.

ನಿನ್ನ ಬಿಲ್ಲಿಗೆ ಮದ್ದು ಸುಲಭ. ದುಡ್ಡನ್ನು ಆ 53 ಬಿಟ್‌ಗಳ ಫ್ಲೋಟ್‌ನಲ್ಲಿ ಇಡಬೇಡ, ಪೈಸೆಯಲ್ಲಿ ಪೂರ್ಣಾಂಕವಾಗಿ ಇಡು. 107 ರೂಪಾಯಿ ಅಂದರೆ 10700. ಅದನ್ನು 25ರಿಂದ ಗುಣಿಸಿ, 500 ಕೂಡಿ, 1000ದಿಂದ ಭಾಗಿಸಿ ಶೇಷ ಬಿಡು: 268. ಯಾವ ದಾರಿಯಲ್ಲಿ ಹೋದರೂ ಅಷ್ಟೇ. ಪೈಥಾನಿನ ಡೆಸಿಮಲ್ ಬಳಸುವುದಾದರೆ 0.1 ಅನ್ನು ಉದ್ಧರಣ ಚಿಹ್ನೆಯೊಳಗೆ ಕೊಡು, ಇಲ್ಲದಿದ್ದರೆ ಆ ಕೊಳೆಯೂ ಜೊತೆಗೇ ಬರುತ್ತದೆ. ರೌಂಡ್ ಅನ್ನೂ ಕಣ್ಣು ಮುಚ್ಚಿ ನಂಬಬೇಡ, ಪೈಥಾನ್ 2.5ಕ್ಕೆ 2 ಅನ್ನುತ್ತದೆ, 3.5ಕ್ಕೆ 4. ಇದಕ್ಕೆ ಬ್ಯಾಂಕರ್ಸ್ ರೌಂಡಿಂಗ್ ಅಂತ ಹೆಸರಂತೆ! ನನ್ನ ಸರ್ವಿಸಿನಲ್ಲಿ ಹಾಗೆ ಮಾಡಿದ ಒಬ್ಬನನ್ನೂ ಕಾಣೆ. ನಮ್ಮಲ್ಲಿ ಐವತ್ತು ಪೈಸೆ ಆಯಿತೋ, ಮೇಲಿನ ರೂಪಾಯಿ.

ಪೂರ್ಣಾಂಕಕ್ಕೂ ಒಂದು ಗಂಡಾಂತರ ಉಂಟು. ಪೈಥಾನಿನ ಪೂರ್ಣಾಂಕ ಎಷ್ಟು ದೊಡ್ಡದಾದರೂ ಬೆಳೆಯುತ್ತದೆ. ಜಾವಾದ ಇಂಟ್ ಮಾತ್ರ 2147483647ಕ್ಕೆ ನಿಲ್ಲುತ್ತದೆ. ಪೈಸೆಯಲ್ಲಿ ಇಟ್ಟರೆ ಎರಡು ಕೋಟಿ ಹದಿನಾಲ್ಕು ಲಕ್ಷ ರೂಪಾಯಿ ಚಿಲ್ಲರೆ. ಇನ್ನೊಂದು ಪೈಸೆ ಕೂಡಿದರೆ ಸದ್ದಿಲ್ಲದೆ ಅಷ್ಟೇ ದೊಡ್ಡ ಸಾಲಗಾರನಾಗುತ್ತೀ. ಜಾವಾಕ್ಕೆ ಹೋದಾಗ ಲಾಂಗ್ ಬಳಸು.

ನಮ್ಮ ಬೀದಿಯ ಅಂಗಡಿಯವರ ಹಳೇ ಬಿಲ್ಲುಗಳನ್ನು ಕೇಳಿ ತಂದಿಟ್ಟಿದ್ದೇನೆ, ಒಂದು ಕಂತೆ ಇದೆ. ಆ ತೆರಿಗೆಯ ಸಾಲನ್ನು ತಿದ್ದಿಕೊಂಡು ದೀಪಾವಳಿಗೆ ಬಾ. ನೀನು ಯಂತ್ರದಲ್ಲಿ ಕೂಡು, ನಾನು ಕೈಯಲ್ಲಿ ಕೂಡುತ್ತೇನೆ, ಪೈಸೆ ಪೈಸೆ ತಾಳೆ ನೋಡೋಣ.

ಇಂತು ನಿನ್ನ,
ಮಾವ