ಸೈಕಲ್ ಪ್ರವಾಸವೂ ವಸ್ತಿಯ ಜಾಗವೂ

ನಮ್ಮ ಸೀಮೆಯಲ್ಲಿ ‘ವಸ್ತಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಊರ ಹೊರಗೆ ಹೊಲದಲ್ಲಿಯೇ ಮನೆ ಕಟ್ಟಿಕೊಂಡು ಇದ್ದರೆ ಅದು ತೋಟದ ವಸ್ತಿ. ದಾರಿ ಹಿಡಿದವನು ರಾತ್ರಿ ಒಂದೆಡೆ ಉಳಿದರೆ ಅದೂ ವಸ್ತಿಯೇ. ರಾತ್ರಿ ಹಳ್ಳಿಯಲ್ಲಿ ನಿಂತು ಬೆಳಗಿನಲ್ಲಿ ಹೊರಡುವ ಬಸ್ಸಿಗೂ ‘ವಸ್ತಿ ಬಸ್ಸು’ ಎಂದೇ ಹೆಸರು. ಚಾಲುಕ್ಯರ ಕಾಲದ ಶಾಸನಗಳಲ್ಲಿ ಅರಸರು ಬೀಡುಬಿಟ್ಟ ಸ್ಥಳವನ್ನು ‘ನೆಲೆವೀಡು’ ಎಂದು ಕರೆದಿರುವುದನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಅರಸನಿಗೆ ಆನೆ, ಕುದುರೆ, ಪರಿವಾರ. ಸೈಕಲ್ ಪ್ರವಾಸಿಗೆ ಒಂದು ಚಾಪೆ, ಒಂದು ಚಾದರ, ಎರಡು ಹೊತ್ತಿನ ಬುತ್ತಿ. ಆದರೆ ಹೊತ್ತು ಇಳಿಯುತ್ತಿದ್ದಂತೆ ಇಬ್ಬರಿಗೂ ಎದುರಾಗುವ ಪ್ರಶ್ನೆ ಒಂದೇ: ಈ ರಾತ್ರಿ ಎಲ್ಲಿ ಮಲಗುವುದು? ಈ ಪ್ರಶ್ನೆಗೆ ಒಮ್ಮೆ ನಾನು ತಪ್ಪು ಉತ್ತರ ಕೊಟ್ಟೆ. ಆ ತಪ್ಪಿನಿಂದ ಕಲಿತದ್ದನ್ನು ವಿದ್ಯಾರ್ಥಿ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಸೈಕಲ್ಲಿನ ಮೇಲೆ ಊರೂರು ತಿರುಗಿ ಬಯಲಲ್ಲಿ ವಸ್ತಿ ಮಾಡುವ ಹವ್ಯಾಸಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. 1885ರಲ್ಲಿ ಇಂಗ್ಲಂಡದ ಸ್ಟಾರ್ಲಿಯು ಎರಡೂ ಗಾಲಿಗಳು ಹೆಚ್ಚು ಕಡಿಮೆ ಸಮನಾಗಿರುವ ಸೈಕಲ್ಲನ್ನು ತಂದನು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಾಯರನ್ನು ಬಳಕೆಗೆ ತಂದನು. ಅಲ್ಲಿಂದ ಮುಂದೆ ಸಾಮಾನ್ಯನಿಗೂ ದೂರದ ಪ್ರವಾಸ ಸಾಧ್ಯವಾಯಿತು. ದರ್ಜಿ ವೃತ್ತಿಯ ಥಾಮಸ್ ಹೈರಮ್ ಹೋಲ್ಡಿಂಗ್ ಎಂಬಾತನು ಸೈಕಲ್ಲಿನ ಮೇಲೆ ಒಯ್ಯಬಹುದಾದ ಹಗುರ ಡೇರೆಗಳನ್ನು ರೂಪಿಸಿ, 1901ರಲ್ಲಿ ಸೈಕಲ್ ಶಿಬಿರಾರ್ಥಿಗಳ ಸಂಘವೊಂದನ್ನು ಹುಟ್ಟುಹಾಕಿದನು. ನಮ್ಮ ದೇಶದವರೂ ಹಿಂದೆ ಬಿದ್ದಿಲ್ಲ. 1923ರಲ್ಲಿ ಮುಂಬಯಿಯ ಆರು ಜನ ಪಾರ್ಸಿ ತರುಣರು ಸೈಕಲ್ಲಿನ ಮೇಲೆ ಜಗತ್ತನ್ನು ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭೂಮಗಾರಾ ಎಂಬ ಮೂವರು 1928ರಲ್ಲಿ ಸುತ್ತು ಮುಗಿಸಿ ಮರಳಿದರು.

ನನ್ನಂಥ ಶಿಕ್ಷಕನಿಗೆ ಇವರೆಲ್ಲರಿಗಿಂತ ಹತ್ತಿರದವನು ಜರ್ಮನಿಯ ರಿಚರ್ಡ್ ಶಿರ್‌ಮನ್. ಈತ ಒಬ್ಬ ಸಾಲೆಯ ಮಾಸ್ತರ. 1909ರಲ್ಲಿ ಹುಡುಗರನ್ನು ಕಟ್ಟಿಕೊಂಡು ಕಾಲ್ನಡಿಗೆಯ ಪ್ರವಾಸ ಹೋದಾಗ ಗುಡುಗು ಮಳೆ ಹಿಡಿಯಿತು. ಹಳ್ಳಿಯೊಂದರ ಸಾಲೆಯಲ್ಲಿ ಹುಲ್ಲು ಹಾಸಿಕೊಂಡು ಎಲ್ಲರೂ ರಾತ್ರಿ ಕಳೆದರು. ಸೂಟಿಯಲ್ಲಿ ಬರಿದಾಗಿರುವ ಸಾಲೆಗಳನ್ನೇ ಪ್ರವಾಸಿ ಮಕ್ಕಳ ವಸ್ತಿಗೆ ಏಕೆ ಬಳಸಬಾರದು ಎಂಬ ವಿಚಾರ ಅವನಿಗೆ ಆ ರಾತ್ರಿ ಹೊಳೆಯಿತು. 1912ರಲ್ಲಿ ಆಲ್ಟೆನಾ ಎಂಬಲ್ಲಿನ ಕೋಟೆಯಲ್ಲಿ ತೆರೆದ ತರುಣರ ವಸತಿಗೃಹ ಅದರ ಫಲ. ಇಂದು ಜಗತ್ತಿನಲ್ಲೆಲ್ಲ ಹಬ್ಬಿರುವ ಯೂತ್ ಹಾಸ್ಟೆಲುಗಳಿಗೆ ಅದೇ ಮೂಲ. ಒಂದು ಮಳೆಯಿಂದ ಆ ಮಾಸ್ತರನು ಒಂದು ಪಾಠ ಕಲಿತನು. ಬೇರೊಂದು ಮಳೆಯಿಂದ ನಾನು ಕಲಿಯಬೇಕಾಯಿತು.

2022ರ ದಸರೆಯ ಸೂಟಿ. ಬನ್ನಿ ಮುಡಿದು ಮೂರು ದಿನಗಳಾಗಿದ್ದವು. ಆರು ಜನ ವಿದ್ಯಾರ್ಥಿಗಳೊಡನೆ ನಾನು ವಿಜಯಪುರದಿಂದ ಪಡುವಣಕ್ಕೆ ಹೊರಟೆ. ನಾನು ಕಲಿಸುವ ವಿಷಯ ಭೂಗೋಲ; ನೆಲವನ್ನು ಕಣ್ಣಾರೆ ನೋಡಿಸಬೇಕೆಂಬುದು ನನ್ನ ಆಸೆ. ಮೊದಲು ತೊರವಿಯಲ್ಲಿ ಇಳಿದೆವು. ತೊರವೆ ರಾಮಾಯಣದ ಕವಿ ಕುಮಾರವಾಲ್ಮೀಕಿಯ ಊರದು. ಹತ್ತಿರದಲ್ಲಿಯೇ ಎರಡನೆಯ ಇಬ್ರಾಹಿಮ್ ಆದಿಲಶಾಹನು 1599ರಲ್ಲಿ ಕಟ್ಟತೊಡಗಿದ ನವರಸಪುರದ ಅವಶೇಷಗಳಿವೆ. ನೆಲದೊಳಗಿನ ಸುರಂಗದಿಂದ ಪಟ್ಟಣಕ್ಕೆ ನೀರು ತಂದ ಆ ಕಾಲದ ಕೌಶಲವನ್ನು ವಿವರಿಸುತ್ತ ನಾನು ಬಹಳ ಉತ್ಸಾಹದಿಂದ ಮಾತನಾಡಿದೆ. ಮುಂದೆ ತಿಕೋಟಾ ದಾಟಿ, ಕಳ್ಳಕವಟಗಿಯ ಸೀಮೆ ಮುಟ್ಟುವ ಹೊತ್ತಿಗೆ ಸಂಜೆ ಐದೂವರೆಯಾಗಿತ್ತು.

ಊರಿನಿಂದ ಸ್ವಲ್ಪ ದೂರದಲ್ಲಿ ಒಂದು ಹಳ್ಳ ಸಿಕ್ಕಿತು. ನೀರು ಬರಿ ಒಂದು ಗೆರೆಯಷ್ಟು. ಎರಡೂ ಬದಿಗೆ ಜಾಲಿಯ ಗಿಡಗಳು, ನಡುವೆ ಹಾಸಿಗೆ ಹಾಸಿದಂತಹ ಉಸುಕು. ದಾರಿಯ ಸದ್ದಿಲ್ಲ, ಗಾಳಿಯ ಹೊಡೆತವಿಲ್ಲ. ನಾವು ಹುಡುಕುತ್ತಿದ್ದ ಸಾದಾ, ಶಾಂತ ಜಾಗ ಇದೇ ಎಂದು ನಾನು ಸಾರಿಬಿಟ್ಟೆ. ಹುಡುಗರು ಚಾಪೆ ಬಿಚ್ಚಿದರು. ಒಬ್ಬನ ಸೈಕಲ್ಲಿಗೆ ಜಾಲಿಮುಳ್ಳು ಚುಚ್ಚಿ ಹಿಂದಿನ ಗಾಲಿ ಪಂಕ್ಚರ್ ಆಗಿತ್ತು. ಬೆಳಿಗ್ಗೆ ನೋಡಿದರಾಯಿತೆಂದು ಅದನ್ನು ಒಂದು ಗಿಡಕ್ಕೆ ಸರಪಳಿಯಿಂದ ಬಿಗಿದೆವು.

ಆಗ ಕುರಿಗಳನ್ನು ಹೊಡೆದುಕೊಂಡು ಹೆಗಲ ಮೇಲೆ ಕಂಬಳಿ ಹಾಕಿದ್ದ ಮುದುಕನೊಬ್ಬ ದಂಡೆಯ ಮೇಲೆ ಬಂದು ನಿಂತ.

“ತಮ್ಮಗೋಳ್ರ್ಯಾ, ಇಲ್ಲಿ ವಸ್ತಿ ಮಾಡಬ್ಯಾಡ್ರಿ. ಹಳ್ಳ ಬರ್ತೈತಿ,” ಎಂದ.

ನಾನು ಮುಗಿಲ ಕಡೆ ನೋಡಿದೆ. ತಲೆಯ ಮೇಲೆ ಒಂದು ಮೋಡವಿಲ್ಲ. “ಮಳಿ ಎಲ್ಲೈತ್ರಿ ಅಜ್ಜಾರ?” ಎಂದೆ.

“ಇಲ್ಲಿ ಆಗಬೇಕಂತ ಏನೈತ್ರಿ? ಮ್ಯಾಲ ಜತ್ತಿನ ಕಡೆ ಆದ್ರ ಸಾಕು. ಆ ಟೊಂಗಿಗೆ ಸಿಕ್ಕಿರೋ ಕಸ ನೋಡ್ರಿ. ಅದನ್ನ ಅಲ್ಲಿ ಯಾರು ಇಟ್ಟಾರ?”

ನನ್ನ ತಲೆಗಿಂತ ಎತ್ತರದ ಜಾಲಿಯ ಟೊಂಗೆಗಳಲ್ಲಿ ಒಣ ಹುಲ್ಲು, ಕಣಿಕೆಯ ಚೂರು, ಹರಿದ ಚೀಲ ಸಿಕ್ಕಿಕೊಂಡಿದ್ದವು. ನಾನು ಅವುಗಳ ಕೆಳಗೇ ನಿಂತಿದ್ದೆ, ಕಂಡಿರಲಿಲ್ಲ. ಹುಡುಗರು ನನ್ನ ಮುಖ ನೋಡಿದರು. ಅವರ ಮುಂದೆ ಸೋಲೊಪ್ಪಲು ಮನಸ್ಸು ಬರಲಿಲ್ಲವಾಗಿ ಇನ್ನೂ ಎರಡು ಮಾತು ವಾದಿಸಿದೆ. ಮುದುಕ ಸಿಟ್ಟಾಗಲಿಲ್ಲ. “ಆತ್ರಿ ಸರ. ನೀವು ಕಲ್ತವ್ರು. ಹುಡುಗ್ರು ಮಾತ್ರ ಮಂದಿ ಮಕ್ಕಳು,” ಎಂದು ಕುರಿಗಳ ಹಿಂದೆ ನಡೆದ.

ಆ ಕೊನೆಯ ಮಾತು ನನ್ನನ್ನು ಮುಟ್ಟಿತು. ಆರೂ ಮನೆಗಳಿಗೆ ಹೋಗಿ, “ನಾನಿದ್ದೇನೆ” ಎಂದು ಹೇಳಿ ಕರೆತಂದ ಮಕ್ಕಳು ಅವರು. ಚಾಪೆ ಸುತ್ತಿಸಿದೆ. ಮುದುಕನು ತೋರಿದ ಮಡ್ಡಿಯ ಮೇಲೆ, ಅವನ ಕುರಿದೊಡ್ಡಿಯ ಹತ್ತಿರ ವಸ್ತಿ ಮಾಡಿದೆವು. ಪಂಕ್ಚರಾದ ಸೈಕಲ್ಲನ್ನು ಎತ್ತಿ ತರುವುದು ಕಷ್ಟವೆಂದು ಅಲ್ಲಿಯೇ ಬಿಡಿಸಿದೆ. ಅದೂ ನನ್ನ ನಿರ್ಣಯವೇ.

ರಾತ್ರಿ ಎರಡು ತಾಸಿನ ಸುಮಾರಿಗೆ ನಾಯಿಗಳು ಬೊಗಳಿದವು. ಅನಂತರ ದೂರದಲ್ಲಿ ಲಾರಿಗಳು ಸಾಲಾಗಿ ಬಂದಂತೆ ಒಂದು ಸದ್ದು. ನಮ್ಮ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ, ಬೆಳದಿಂಗಳಿತ್ತು. ಆ ಬೆಳಕಿನಲ್ಲಿಯೇ ನೋಡಿದೆವು: ನಾವು ಚಾಪೆ ಹಾಸಿದ್ದ ಉಸುಕಿನ ಮೇಲೆ ಕೆಂಪು ನೀರು ಜಾಲಿಯ ನಡುಮಟ್ಟಕ್ಕೆ ಹರಿಯುತ್ತಿತ್ತು. ಯಾರೂ ಮಾತನಾಡಲಿಲ್ಲ. ನಾನು ಹುಡುಗರನ್ನು ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಆರು ಜನರೂ ಇದ್ದರು.

ಬೆಳಿಗ್ಗೆ ಸೈಕಲ್ಲು ಇರಲಿಲ್ಲ. ಅದನ್ನು ಕಟ್ಟಿದ್ದ ಗಿಡವೂ ಇರಲಿಲ್ಲ. ಅದು ಆ ಹುಡುಗನಿಗೆ ಎಂಟನೆಯ ಇಯತ್ತೆಯಲ್ಲಿದ್ದಾಗ ಸರಕಾರದಿಂದ ಬಂದ ಸೈಕಲ್ಲು. 2006-07ರಲ್ಲಿ ಆರಂಭವಾದ ಆ ಯೋಜನೆಯಿಂದ ನಾಡಿನ ಎಷ್ಟೋ ಬಡ ಮಕ್ಕಳ ಸಾಲೆ ತಪ್ಪಲಿಲ್ಲ. ಅವನು ಹಳ್ಳಿಯಿಂದ ಬಸ್ಸಿನ ದಾರಿಯವರೆಗೆ ದಿನವೂ ಅದರ ಮೇಲೆಯೇ ಬರುತ್ತಿದ್ದ. “ಹೋಗ್ಲಿ ಬಿಡ್ರಿ ಸರ, ಹಳೇದು ಆಗಿತ್ತು,” ಎಂದ. ಹೊಸದೊಂದನ್ನು ನಾನು ಕೊಡಿಸಿದ್ದು ನಿಜ. ಅದನ್ನು ಅವನಿಂದ ಒಪ್ಪಿಸಲು ಒಂದು ತಿಂಗಳು ಹಿಡಿಯಿತು. ತರಗತಿಯಲ್ಲಿ ಹಳ್ಳದ ಜಲಾನಯನ ಪ್ರದೇಶವೆಂದರೇನೆಂದು ಹಲವು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದವನು ನಾನು. ಡೋಣಿ ನದಿಯು ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟಿ, ನಮ್ಮ ಜಿಲ್ಲೆಯನ್ನು ಹಾಯ್ದು ಕೃಷ್ಣೆಯನ್ನು ಸೇರುವುದೆಂದೂ ಬಾಯಿಪಾಠ ಮಾಡಿಸಿದ್ದೆ. ಎಲ್ಲಿಯೋ ಬಿದ್ದ ಮಳೆ ಇನ್ನೆಲ್ಲಿಯೋ ಹರಿಯುತ್ತದೆ ಎಂಬುದೇ ಆ ಪಾಠದ ಸಾರ. ಅದನ್ನು ಮಲಗುವ ಜಾಗಕ್ಕೆ ಅನ್ವಯಿಸಲು ನನಗೆ ತಿಳಿಯಲಿಲ್ಲ, ಕುರಿಗಾಹಿಗೆ ತಿಳಿದಿತ್ತು.

ಇನ್ನು ವಸ್ತಿಯ ಜಾಗವನ್ನು ಆರಿಸುವ ಕ್ರಮವನ್ನು ಹೇಳುತ್ತೇನೆ.

ಮೊದಲನೆಯದು ಹೊತ್ತು. ಸೂರ್ಯ ಮುಳುಗಲು ಎರಡು ತಾಸು ಇರುವಾಗಲೇ ಜಾಗ ಹುಡುಕತೊಡಗಬೇಕು. ಕತ್ತಲೆಯಲ್ಲಿ ಟೊಂಗೆಗೆ ಸಿಕ್ಕ ಕಸ ಕಾಣದು, ಹುತ್ತ ಕಾಣದು, ಮಾಲಕನ ಮನೆಯೂ ಕಾಣದು. ಆದ್ದರಿಂದ ಹೊಸಬರು ದಿನಕ್ಕೆ 40 ಕಿಲೋಮೀಟರಿಗಿಂತ ಹೆಚ್ಚಿನ ಲೆಕ್ಕ ಹಾಕಬಾರದು. ದಣಿದವನು ಸಿಕ್ಕ ಜಾಗವನ್ನೇ ಒಳ್ಳೆಯದೆನ್ನುತ್ತಾನೆ.

ಎರಡನೆಯದು ನೆಲ. ನಮ್ಮಲ್ಲಿ ಎರಿ ಮತ್ತು ಮಡ್ಡಿ ಎಂದು ಎರಡು ಬಗೆ. ಎರಿಯು ಜೋಳ, ಕಡಲೆ, ಕುಸುಬಿಗಳ ತಾಯಿ. ಆದರೆ ಪ್ರವಾಸಿಗೆ ಮಲತಾಯಿ. ನಾಲ್ಕು ಹನಿ ಬಿದ್ದರೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಸೈಕಲ್ಲನ್ನು ಹೊತ್ತುಕೊಂಡೇ ಹೋಗಬೇಕಾಗುತ್ತದೆ. ಬೇಸಿಗೆಯಲ್ಲಿ ಅದರ ಬಿರುಕುಗಳಲ್ಲಿ ಹುಳುಹುಪ್ಪಡಿ ಸೇರಿರುತ್ತವೆ. ಮಡ್ಡಿಯು ಗಟ್ಟಿ, ನೀರು ನಿಲ್ಲದು. ಚಾಪೆಯಡಿ ಕಲ್ಲು ಚುಚ್ಚುವುದೊಂದೇ ದೋಷ. ಆ ಕಲ್ಲುಗಳನ್ನು ಕೈಯಿಂದ ಎತ್ತದೆ ಕೋಲಿನಿಂದ ಸರಿಸಬೇಕು, ಏಕೆಂದರೆ ಅಡಿಯಲ್ಲಿ ಚೇಳಿರಬಹುದು. ಬೆಳಿಗ್ಗೆ ಬೂಟುಗಳನ್ನು ಝಾಡಿಸದೆ ಕಾಲಿಡಬಾರದು.

ಮೂರನೆಯದು ನೀರು. ನೀರಿನ ಹತ್ತಿರ ಇರಬೇಕು, ನೀರಿನ ದಾರಿಯಲ್ಲಿ ಇರಬಾರದು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 550ರಿಂದ 600 ಮಿಲಿಮೀಟರ್ ಮಳೆ. ಅದರಲ್ಲಿ ದೊಡ್ಡ ಪಾಲು ಸಪ್ಟೆಂಬರ, ಅಕ್ಟೋಬರದ ಕೆಲವೇ ದಿನಗಳಲ್ಲಿ ಸುರಿಯುತ್ತದೆ. ಗಟ್ಟಿ ಮಡ್ಡಿ ಅದನ್ನು ಹಿಡಿಯದೆ ಹಳ್ಳಕ್ಕೆ ದೂಡುತ್ತದೆ. ಓಡುವ ನೀರು ಮೊಣಕಾಲು ಮುಟ್ಟಿದರೂ ಆಳನ್ನು ಕೆಡವಬಲ್ಲದು. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಈಗ ಈ ಭಾಗದ ಕೆರೆಗಳಿಗೆ ಕೃಷ್ಣೆಯ ನೀರು ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಕಾಲುವೆಯ ಏರಿಯೂ ಮಲಗುವ ಜಾಗವಲ್ಲ. ಡೋಣಿಯ ನೀರು ಸವುಳು. ಕುಡಿಯುವ ನೀರನ್ನು ಊರಿನಲ್ಲಿಯೇ ತುಂಬಿಕೊಳ್ಳಬೇಕು.

ನಾಲ್ಕನೆಯದು ನೆರೆ. ಒಂಟಿ ಮರದ ಕೆಳಗೆ ಸಿಡಿಲಿನ ಭಯ, ಜಾಲಿಯ ಕೆಳಗೆ ಟಾಯರಿನ ಭಯ. ಕಣಿಕೆಯ ಬಣವೆಯ ಹತ್ತಿರ ಒಲೆ ಹೂಡಬಾರದು. ಒಂದು ಕಿಡಿಯಿಂದ ರೈತನ ದನಗಳ ಇಡೀ ವರ್ಷದ ಮೇವು ಬೂದಿಯಾಗುತ್ತದೆ. ತಿಕೋಟಾ ಸೀಮೆ ದ್ರಾಕ್ಷಿಗೆ ಹೆಸರಾದದ್ದು. ಅಕ್ಟೋಬರದ ಚಾಟಣಿಯಾದ ಮೇಲೆ ತೋಟಗಳಿಗೆ ಮೇಲಿಂದ ಮೇಲೆ ಔಷಧ ಹೊಡೆಯುತ್ತಾರೆ; ಆ ಗಾಳಿ ಬೀಸುವ ಕಡೆ ಮಲಗುವುದು, ಬಳ್ಳಿಗೆ ಕೈ ಹಾಕುವುದು ಎರಡೂ ಸಲ್ಲದು.

ಐದನೆಯದು ಅಪ್ಪಣೆ. ಮಾಲಕನಿಲ್ಲದ ನೆಲ ನಮ್ಮಲ್ಲಿ ಇಲ್ಲ. ಹತ್ತಿರದ ತೋಟದ ವಸ್ತಿಗೆ ಹೋಗಿ, ನಾವು ಯಾರು, ಎಷ್ಟು ಜನ, ಎಷ್ಟು ಹೊತ್ತಿಗೆ ಹೊರಡುವೆವು ಎಂಬುದನ್ನು ತಿಳಿಸಬೇಕು. ಗುಡಿಯ ಪೌಳಿಯನ್ನಾಗಲಿ ಸಾಲೆಯ ಪಡಸಾಲೆಯನ್ನಾಗಲಿ ಹಿರಿಯರನ್ನು, ಮುಖ್ಯಾಧ್ಯಾಪಕರನ್ನು ಕೇಳಿಯೇ ಬಳಸಬೇಕು. ವಿದ್ಯಾರ್ಥಿನಿಯರಿದ್ದಲ್ಲಿ ಬಯಲಿಗಿಂತ ಇಂತಹ ಜಾಗವೇ ಉತ್ತಮ. ಅಪ್ಪಣೆ ಕೇಳುವುದರಿಂದ ಇನ್ನೊಂದು ಲಾಭವಿದೆ: ಕೇಳಿದವನಿಗೆ ನೆಲದ ಸುದ್ದಿಯೂ ಸಿಗುತ್ತದೆ. ನಾನು ಆ ಸಂಜೆ ಮೊದಲು ಕೇಳಿದ್ದರೆ ಹಳ್ಳಕ್ಕೆ ಇಳಿಯುತ್ತಲೇ ಇರಲಿಲ್ಲ. ಶಾಂತ ಜಾಗವೆಂದರೆ ಜನರಿಲ್ಲದ ಜಾಗವೆಂದು ನಾನು ಬಗೆದಿದ್ದೆ. ಕೂಗಿದರೆ ಒಬ್ಬರಿಗಾದರೂ ಕೇಳಿಸುವಷ್ಟು ಹತ್ತಿರವಿದ್ದು, ಅವರ ಕೆಲಸಕ್ಕೆ ಅಡ್ಡಿಯಾಗದಷ್ಟು ದೂರವಿರುವ ಜಾಗವೇ ನಿಜವಾಗಿ ಶಾಂತವಾದದ್ದು.

ಕೊನೆಯದಾಗಿ, ಬಿಟ್ಟು ಹೊರಡುವ ರೀತಿ. ಒಲೆಯ ಕಲ್ಲುಗಳನ್ನು ಮೊದಲಿದ್ದಲ್ಲಿ ಇಟ್ಟು, ಬೂದಿಗೆ ನೀರು ಹೊಯ್ದು, ಪ್ಲಾಸ್ಟಿಕ್ ಕಸವನ್ನು ಚೀಲದಲ್ಲಿ ಕಟ್ಟಿಕೊಂಡು ಹೊರಡಬೇಕು. ಮುಂದೆ ಬರುವ ಪ್ರವಾಸಿಗೆ ಆ ರೈತ ಹೂಂ ಎನ್ನುವುದೂ ಊಹೂಂ ಎನ್ನುವುದೂ ನಾವು ಬಿಟ್ಟುಹೋದ ನೆಲವನ್ನು ಅವಲಂಬಿಸಿದೆ.

ಮರುದಿನ ಬಬಲೇಶ್ವರದ ಕಡೆ ಹೊರಡುವ ಮುನ್ನ ಮುದುಕನಿಗೆ ಹಣ ಕೊಡಲು ಹೋದೆ, ಮುಟ್ಟಲಿಲ್ಲ. ನಮ್ಮ ಬುತ್ತಿಯ ಶೇಂಗಾ ಹಿಂಡಿಯನ್ನು ಮಾತ್ರ ರೊಟ್ಟಿಗೆ ಹಚ್ಚಿಕೊಂಡು ತಿಂದ. “ಇನ್ನ ಮ್ಯಾಲ ಎಲ್ಲಿ ಹೋದ್ರೂ ಮೊದ್ಲ ಕೇಳ್ರಿ ಸರ. ಕೇಳಿದ್ರ ಏನೂ ಸಣ್ಣವ್ರು ಆಗಂಗಿಲ್ಲ,” ಎಂದ. ಅಂದಿನಿಂದ ನನ್ನ ಪ್ರವಾಸಗಳಲ್ಲಿ ಇದೊಂದು ನಿಯಮವಾಗಿದೆ: ಜಾಗವನ್ನು ನಾನು ಆರಿಸುವುದಿಲ್ಲ, ಅಲ್ಲಿಯವರನ್ನು ಕೇಳುತ್ತೇನೆ. ಈ ವರ್ಷ ಹೊರಡುವ ವಿದ್ಯಾರ್ಥಿ ಮಿತ್ರರೂ ಹೀಗೆಯೇ ಮಾಡಲಿ, ಎಣಿಸಿದಷ್ಟೇ ಜನ ಮರಳಿ ಬರಲಿ ಎಂದು ಹಾರೈಸುತ್ತೇನೆ.